ಆರು ನಾರಿನ ಹಗ್ಗ

ಶಾರ್ಡ್ಲೋ, ಇಂಗ್ಲೆಂಡ್
14 ಸೆಪ್ಟೆಂಬರ್ 2023

ಪ್ರೀತಿಯ ಆಯೇಷಾ,

ಹತ್ತೊಂಬತ್ತು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಫೋನ್ ಮಾಡೋಣವೆಂದು ಮರುಳಸಿದ್ದಯ್ಯ ಚಿಕ್ಕಪ್ಪನ ಹತ್ತಿರ ನಿನ್ನ ನಂಬರು ಕೇಳಿದೆ. "ಕೊಡಬ್ಯಾಡಿ ಅಂದ್ಲು ಕಣಮ್ಮ. ಮಾತಾಡೋದಿದ್ರೆ ಕಾಗ್ದದಲ್ಲಿ ಬರೀಲಿ ಅಂದ್ಲು" ಅಂದರು. ಹೈಸ್ಕೂಲಿನಲ್ಲಿದ್ದ ಹಟ ಇನ್ನೂ ಹಾಗೇ ಇದೆಯಲ್ಲ ಎಂದು ನಗು ಬಂತು.

ನಾನೂ ನನ್ನ ಗಂಡ ಮಾರ್ಟಿನ್ನೂ ಮನೆ ಮಾರಿ ದೋಣಿ ಕೊಂಡಿದ್ದೇವೆ. ದೋಣಿಯೆಂದರೆ ಕೆರೆಯ ತೆಪ್ಪ ಅಂದುಕೊಳ್ಳಬೇಡ. ಕಬ್ಬಿಣದ ಮನೆ ಕಣೇ! ಇಲ್ಲಿ ನ್ಯಾರೋಬೋಟ್ ಅನ್ನುತ್ತಾರೆ. ಐವತ್ತೇಳು ಅಡಿ ಉದ್ದ, ಅಗಲ ಮಾತ್ರ ಆರು ಅಡಿ ಹತ್ತು ಅಂಗುಲ. ಅಡುಗೆಮನೆಯಲ್ಲಿ ನಾನು ಒಗ್ಗರಣೆ ಹಾಕುತ್ತಿದ್ದರೆ ಮಾರ್ಟಿನ್ ಅಡ್ಡವಾಗಿ ತಿರುಗಿ ದಾಟಬೇಕು. ಇಷ್ಟು ಸಪೂರ ಯಾಕೆಂದರೆ ಇಲ್ಲಿನ ನಾಲೆಗಳಲ್ಲಿ ಲಾಕ್ ಅಂತ ಇರುತ್ತದೆ, ಅಂದರೆ ನೀರಿನ ತೊಟ್ಟಿ. ಎರಡೂ ಕಡೆ ಬಾಗಿಲು. ದೋಣಿಯನ್ನು ಒಳಗೆ ತಂದು ಬಾಗಿಲು ಹಾಕಿ ನೀರು ತುಂಬಿದರೆ ದೋಣಿ ಮೇಲೇಳುತ್ತದೆ, ಗುಡ್ಡ ಹತ್ತುತ್ತದೆ. ಬಹಳಷ್ಟು ಲಾಕ್‌ಗಳ ಅಗಲ ಏಳೇ ಅಡಿ. ಇನ್ನೂರೈವತ್ತು ವರ್ಷದ ಹಿಂದೆ ಯಾರೋ ಗೆರೆ ಎಳೆದ ಅಳತೆಗೆ ನಾವು ಇವತ್ತೂ ಹೊಟ್ಟೆ ಎಳೆದುಕೊಂಡು ಬದುಕುತ್ತೇವೆ.

ಈ ಊರಿನ ನಾಲೆ 1777ರಲ್ಲಿ ಮುಗಿದದ್ದು. ಪಿಂಗಾಣಿ ಮಾಡುವವರು ಹಟ ಹಿಡಿದು ತೋಡಿಸಿದರಂತೆ. ಗಾಡಿಯಲ್ಲಿ ಹೋದರೆ ಬಟ್ಟಲು ಒಡೆಯುತ್ತಿತ್ತು, ನೀರಿನ ಮೇಲೆ ಒಡೆಯಲಿಲ್ಲ. ನಮ್ಮ ಹೇಮಾವತಿ ನಾಲೆ ಹೊಲಕ್ಕೆ ನೀರು ತರುತ್ತದೆ. ಇಲ್ಲಿ ನೀರು ಯಾರ ಹೊಲಕ್ಕೂ ಹೋಗುವುದಿಲ್ಲ, ಸುಮ್ಮನೆ ನಿಂತಿರುತ್ತದೆ. ದೋಣಿಗೆ ಕಾಯಂ ಜಾಗ ಇಲ್ಲದವರು ಹದಿನಾಲ್ಕು ದಿನಕ್ಕೊಮ್ಮೆ ಜಾಗ ಬಿಡಬೇಕು. ಹಾಗಾಗಿ ನಮಗೆ ವಿಳಾಸವೇ ಇಲ್ಲ. ಲಕೋಟೆಯ ಹಿಂದೆ ಮಾರ್ಟಿನ್ ಅಕ್ಕನ ಮನೆಯ ವಿಳಾಸ ಬರೆದಿದ್ದೇನೆ. ವಾರಕ್ಕೊಮ್ಮೆ ಮಾರ್ಟಿನ್ ಹೋಗಿ ಟಪಾಲು ತರುತ್ತಾರೆ.

ಒಂದು ಉಪಕಾರ ಆಗಬೇಕು. ದೋಣಿ ಕಟ್ಟಲು ಆರು ಹಗ್ಗ ಬೇಕು, ಒಂದೊಂದು ಮೂವತ್ತು ಅಡಿ. ಎಲ್ಲರೂ ನೈಲಾನ್ ಕಟ್ಟುತ್ತಾರೆ. ನನಗೆ ನಮ್ಮೂರ ತೆಂಗಿನ ನಾರಿನದೇ ಬೇಕೆಂದು ಆಸೆ. ನಮ್ಮ ಕಡೆ ನಿನ್ನಷ್ಟು ಚೆನ್ನಾಗಿ ಹಗ್ಗ ಹೊಸೆಯುವವರು ಯಾರೂ ಇಲ್ಲವೆಂದು ಚಿಕ್ಕಪ್ಪ ಹೇಳಿದರು. ನನ್ನ ಹಳೇ ಗೆಳತಿಯ ಕೈಯ ಹಗ್ಗ ನನ್ನ ಮನೆಯನ್ನು ಹಿಡಿದಿರಲಿ.

ನಿನ್ನ,
ವನಜಾಕ್ಷಿ

*

ತುರುವೇಕೆರೆ
3 ಅಕ್ಟೋಬರ್ 2023

ವನಜಾ,

ನಿನ್ನ ಕಾಗದ ಮೂರು ಸಲ ಓದಿದೆ. ಲಾಕ್ ಸಿಕ್ಕಿತು, ಪಿಂಗಾಣಿ ಸಿಕ್ಕಿತು, ಒಗ್ಗರಣೆ ಸಿಕ್ಕಿತು. ನನ್ನ ಬಲಗೈ ಎಲ್ಲಾದರೂ ಸಿಗುತ್ತದೇನೋ ಎಂದು ಹುಡುಕಿದೆ, ಸಿಗಲಿಲ್ಲ. "ಗೆಳತಿಯ ಕೈಯ ಹಗ್ಗ" ಎಂದು ಬರೆಯುವಾಗ ನಿನ್ನ ಪೆನ್ನು ಒಂದು ಗಳಿಗೆಯಾದರೂ ನಿಂತಿತೇ?

ನೀನು ಮರೆತಿದ್ದರೆ ನೆನಪಿಸುತ್ತೇನೆ. 2004ರ ಬೇಸಿಗೆ. ಮಾಯಸಂದ್ರ ರಸ್ತೆಯಲ್ಲಿ ನಿಮ್ಮಪ್ಪನ ನಾರಿನ ಫ್ಯಾಕ್ಟರಿ. ನಿನಗೂ ನನಗೂ ಇಪ್ಪತ್ತು. ನಾನು ಕೂಲಿಗೆ ಬರುತ್ತಿದ್ದೆ, ನೀನು ನರ್ಸಿಂಗ್ ಕಾಲೇಜಿನ ರಜಕ್ಕೆ ಬಂದಿದ್ದೆ. ಕರೆಂಟ್ ಹೋಗಿತ್ತು. ಕಾಯಿಮಟ್ಟೆ ಸೀಳುವ ಮೆಷಿನ್ನಿನ ಮುಳ್ಳಿಗೆ ನಾರು ಸುತ್ತಿಕೊಂಡಿತ್ತು, ನಾನು ಕೈ ಹಾಕಿ ಬಿಡಿಸುತ್ತಿದ್ದೆ. ನೀನು ಸ್ಟಾರ್ಟರ್ ಪಕ್ಕ ಮೂಟೆಯ ಮೇಲೆ ಕೂತು ಮಾತಾಡುತ್ತಿದ್ದೆ. ಕರೆಂಟ್ ಬಂದು ಕೆಂಪು ದೀಪ ಹತ್ತಿತು. "ಒತ್ತಿಬಿಡ್ಲೇನೇ?" ಅಂದೆ ನೀನು. "ಇರೇ, ಕೈ ಒಳಗೈತೆ" ಅಂದೆ ನಾನು. ನನ್ನನ್ನು ಹೆದರಿಸೋಣ ಅಂತ ನೀನು ಹಸಿರು ಬಟನ್ ಒತ್ತಿದೆ. ನಗುತ್ತಲೇ ಒತ್ತಿದೆ, ನಾನು ನಿನ್ನ ಮುಖ ನೋಡುತ್ತಿದ್ದೆ.

ನಾಲ್ಕು ಬೆರಳು ಹೋಯಿತು, ಹೆಬ್ಬೆರಳು ಉಳಿಯಿತು. ವಿಚಾರಣೆಗೆ ಬಂದವರಿಗೆ ನೀನು ಹೇಳಿದ್ದೇನು? ಆಯೇಷಾ ಸ್ಟಾರ್ಟರನ್ನು ಆಟೋದಲ್ಲಿ ಬಿಟ್ಟಿದ್ದಳು, ಕರೆಂಟ್ ಬಂದ ಕೂಡಲೇ ಮೆಷಿನ್ ತಾನೇ ತಿರುಗಿತು ಎಂದು. ತೋಟದ ಪಂಪಿಗೆಲ್ಲ ಆಟೋ ಹಾಕಿ ಮಲಗುವ ಜನ, ತಕ್ಷಣ ನಂಬಿದರು. ಆವತ್ತು ಆ ಸ್ಟಾರ್ಟರಿಗೆ ಆಟೋ ಇರಲೇ ಇಲ್ಲ. ಮೂರನೆಯ ದಿನ ನಿಮ್ಮಪ್ಪ ತಿಪಟೂರಿನಿಂದ ತರಿಸಿ ಹಾಕಿಸಿದರು. ನಾನಾಗ ಆಸ್ಪತ್ರೆಯಲ್ಲಿದ್ದೆ. ನನ್ನ ತಾಯಿ ವಜೀರಾ ಸಾಯುವವರೆಗೂ "ಮೈಮೇಲೆ ಗ್ಯಾನ ಇಲ್ದೆ ಕೈ ಕಳ್ಕಂಡ್ಲು" ಅಂತಲೇ ಅಳುತ್ತಿದ್ದಳು.

ಹಗ್ಗ ಹೊಸೆದು ಕಳಿಸುತ್ತೇನೆ, ಒಪ್ಪಿದೆ. ದುಡ್ಡು ಬೇಡ. "ಬಟನ್ ಒತ್ತಿದ್ದು ನಾನು" ಎಂದು ಒಂದು ಸಾಲು ಬರೆದು ಸಹಿ ಹಾಕಿ ಕಳಿಸು. ಯಾಕೆಂದು ಹೇಳುತ್ತೇನೆ. ನಮ್ಮ ನಾರಿನ ಸಂಘದಲ್ಲಿ ಹದಿನಾಲ್ಕು ವರ್ಷದಿಂದ ಹಗ್ಗದ ರಾಟೆಯಲ್ಲಿದ್ದೇನೆ. ಈ ಡಿಸೆಂಬರ್ 28ಕ್ಕೆ ಮೆಷಿನ್ ಶೆಡ್ಡಿಗೆ ಮೇಸ್ತ್ರಿಯನ್ನು ಆರಿಸುತ್ತಾರೆ. ಆ ಕೆಲಸ ನನಗೆ ಬೇಕು. ಸಂಘದ ಅಧ್ಯಕ್ಷರು ನಿನ್ನ ಚಿಕ್ಕಪ್ಪನೇ. "ತನ್ನ ಕೈನೇ ಕಾಯ್ಕಳ್ಳಕ್ಕಾಗದೋಳು ಹೆಣ್ಮಕ್ಕಳ ಕೈ ಕಾಯ್ತಾಳಾ?" ಅಂತ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇದೆ, ಆದರೆ ಅದು ನಿನ್ನ ಬಾಯಲ್ಲಿ ಬರಬೇಕು.

ನಿಮ್ಮಪ್ಪ ದೊಡ್ಡಣ್ಣನವರು ತೀರಿಕೊಂಡು ಆರು ವರ್ಷವಾಯಿತು. ಇನ್ನು ಯಾರಿಗೂ ಜೈಲಾಗುವುದಿಲ್ಲ.

ಆಯೇಷಾ

*

ವಿಲಿಂಗ್ಟನ್ ಹತ್ತಿರ
29 ಅಕ್ಟೋಬರ್ 2023

ಪ್ರೀತಿಯ ಆಯೇಷಾ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಎಷ್ಟು ಕಹಿ ಇಟ್ಟುಕೊಂಡಿದ್ದೀಯೆ!

ಮನಸ್ಸು ಸರಿಯಾಗಲೆಂದು ಮಾರ್ಟಿನ್ ನನ್ನನ್ನು ಒಂದು ಹಳೇ ಸೇತುವೆ ನೋಡಲು ಕರೆದುಕೊಂಡು ಹೋದರು. ನೀನು ಅದನ್ನು ನೋಡಬೇಕಿತ್ತು. ಇಂಜಿನ್ ಬರುವ ಮೊದಲು ದೋಣಿಗಳನ್ನು ಕುದುರೆ ಎಳೆಯುತ್ತಿತ್ತು. ನಾಲೆಯ ಪಕ್ಕದ ಕಾಲುದಾರಿಯಲ್ಲಿ ಕುದುರೆ, ಅದರಿಂದ ದೋಣಿಗೆ ಉದ್ದ ಹಗ್ಗ. ಸೇತುವೆಯ ಕೆಳಗೆ ತಿರುಗುವಾಗ ಹಗ್ಗ ಮೂಲೆಯ ಕಲ್ಲಿಗೆ ಉಜ್ಜುತ್ತದೆ. ನೂರು ವರ್ಷ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಬೆರಳಾಳ ಗೀರು ಬಿದ್ದಿದೆ. ಒಂದಲ್ಲ, ಎಂಟು ಹತ್ತು ಗೀರು.

ರೈಲು ಬಂದ ಮೇಲೆ ಸರಕು ಸಾಗಿಸುವ ಬಾಡಿಗೆ ಇಳಿದು ದೋಣಿಯವರು ಮನೆ ಬಿಟ್ಟರಂತೆ. ಹೆಂಡತಿ ಮಕ್ಕಳನ್ನೂ ದೋಣಿಗೇ ಹತ್ತಿಸಿದರು. ಮುಂದೆಲ್ಲ ಕಲ್ಲಿದ್ದಲು, ಹಿಂದೆ ಹತ್ತು ಅಡಿಯ ಗೂಡು. ಅದರಲ್ಲೇ ಹೆರಿಗೆ, ಅಡುಗೆ, ಎಂಟು ಜನರ ನಿದ್ದೆ. ಆ ಗೂಡಿನ ಬಾಗಿಲಿಗೆ ಮಾತ್ರ ಗುಲಾಬಿ ಹೂವು ಬರೆದುಕೊಳ್ಳುತ್ತಿದ್ದರು. ನಮ್ಮ ದೋಣಿಗೂ ಹಾಗೇ ಬರೆಸುತ್ತಿದ್ದೇವೆ. ಇನ್ನೊಂದು ಸಂತೋಷದ ಸುದ್ದಿ: ದೋಣಿಗೆ ನಿನ್ನ ಹೆಸರು ಇಡುತ್ತೇವೆ! ಕೆಂಪು ಬಣ್ಣದ ಮೇಲೆ ಚಿನ್ನದ ಅಕ್ಷರದಲ್ಲಿ "ಆಯೇಷಾ". ಇಡೀ ಇಂಗ್ಲೆಂಡ್ ಸುತ್ತುತ್ತೀಯೆ ಕಣೇ.

ಹಳೆಯದನ್ನು ಕೆದಕಿ ಏನು ಬಂತು ಹೇಳು. ನನಗೂ ಆಗ ಇಪ್ಪತ್ತೇ. ಕರೆಂಟ್ ಬಂತು, ಮೆಷಿನ್ ತಿರುಗಿತು, ಅಷ್ಟೇ ನನಗೆ ನೆನಪಿರುವುದು. ನಾನೂ ಕಡಿಮೆ ನರಳಿಲ್ಲ. ಮಾರ್ಟಿನ್‌ಗೆ ಮದುವೆಗೆ ಮೊದಲೇ ಎಲ್ಲ ಹೇಳಿದ್ದೇನೆ. ನಾನು ಓಡಿಹೋಗಿ ಮೆಷಿನ್ ನಿಲ್ಲಿಸದಿದ್ದರೆ ನಿನ್ನ ತೋಳೇ ಹೋಗುತ್ತಿತ್ತು ಅಂತ ಕೇಳಿ ಅವರು ಅತ್ತುಬಿಟ್ಟರು.

ಹಗ್ಗ ಬೇಗ ಕಳಿಸು. ಚಳಿಗಾಲಕ್ಕೆ ಟ್ರೆಂಟ್ ನದಿಯ ದಡದಲ್ಲಿ ಜಾಗ ಗೊತ್ತುಮಾಡಿದ್ದೇವೆ. ನಾಲೆಯ ಹಾಗಲ್ಲ ನದಿ, ಸೆಳೆತ ಜಾಸ್ತಿ. ಕೆಳಗಡೆ ನೀರು ಧುಮುಕುವ ಕಟ್ಟೆ ಬೇರೆ ಇದೆ, ಹಗ್ಗ ಬಿಟ್ಟರೆ ದೋಣಿ ನೇರ ಅಲ್ಲಿಗೇ.

ಪ್ರೀತಿಯಿಂದ,
ವನಜಾ

*

ತುರುವೇಕೆರೆ
20 ನವೆಂಬರ್ 2023

ವನಜಾ,

ಆರು ಹಗ್ಗ ಪಾರ್ಸೆಲ್ ಮಾಡಿದ್ದೇನೆ. ಕಳಿಸುತ್ತೇನೆಂದು ಮಾತು ಕೊಟ್ಟಿದ್ದೆ, ಕಳಿಸಿದೆ. ಕೊಟ್ಟ ಮಾತು ಹೇಗೆ ಉಳಿಸಿಕೊಳ್ಳುವುದೆಂದು ನಿನ್ನಿಂದ ಕಲಿಯುವ ವಯಸ್ಸು ದಾಟಿತು.

ನೀನು ಓಡಿದ್ದು ನಿಜ. ಆದರೆ ಓಡಿದ್ದು ಹೊರಗಡೆಗೆ. ಮೆಷಿನ್ ನಿಲ್ಲಿಸಿದ್ದು ನನ್ನಣ್ಣ ಖುದ್ದೂಸ್. ಆವತ್ತು ಬೆಲ್ಟ್ ಬಿಗಿಮಾಡಲು ಬಂದಿದ್ದವನು ಶೆಡ್ಡಿನ ಹಿಂದೆ ಟೀ ಕುಡಿಯುತ್ತಿದ್ದ. ನನ್ನ ಕೂಗು ಕೇಳಿ ಬಂದು ಕೆಂಪು ಬಟನ್ ಒತ್ತಿದ. ಅವನು ಬಂದಾಗ ನೀನು ಅಲ್ಲಿರಲಿಲ್ಲ. ನೀನು ಬಾವಿಯ ಹತ್ತಿರ ವಾಂತಿ ಮಾಡುತ್ತಿದ್ದೆ. ಅದನ್ನು ನಾನು ಯಾವತ್ತೂ ತಪ್ಪೆಂದಿಲ್ಲ. ಆದರೆ ನಿನ್ನ ಗಂಡನ ಮುಂದೆ ನನ್ನ ಅಣ್ಣನ ಕೆಲಸವನ್ನೂ ನಿನ್ನ ಹೆಸರಿಗೆ ಬರೆದುಕೊಂಡೆಯಲ್ಲ, ಅದಕ್ಕೆ ನನಗೆ ಮೈಯೆಲ್ಲ ಉರಿಯುತ್ತದೆ.

ಸೇತುವೆಯ ಕಲ್ಲಿನ ಗೀರು ನೋಡಿ ಬೆರಗಾದೆಯಂತೆ. ಕಲ್ಲು ಅಷ್ಟು ಸವೆದರೆ ಆ ಹಗ್ಗ ಹಿಡಿದ ಹೆಂಗಸರ ಅಂಗೈ ಏನಾಗಿರಬೇಕು ಅಂತ ಕೇಳಿದೆಯಾ ಯಾರನ್ನಾದರೂ?

ದೋಣಿಗೆ ನನ್ನ ಹೆಸರು ಬೇಡ, ಅಳಿಸು. ನನ್ನ ಹೆಸರು ನಮ್ಮ ಸಂಘದ ಬೋರ್ಡಿನಲ್ಲಿ ಮೇಸ್ತ್ರಿ ಎಂದು ಬರಬೇಕು. ಆ ಶೆಡ್ಡಿನಲ್ಲಿ ಈಗ ಹತ್ತೊಂಬತ್ತರ, ಇಪ್ಪತ್ತರ ಹುಡುಗಿಯರು ಹನ್ನೊಂದು ಜನ ಇದ್ದಾರೆ. ಸ್ಟಾರ್ಟರ್ ಹತ್ತಿರ ಕೂತು ಹರಟೆ ಹೊಡೆಯುತ್ತಾರೆ. ನಾನು ಹೋಗಿ ಬೈದರೆ ಅವರಲ್ಲೊಬ್ಬಳು ನನ್ನ ಕೈ ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ಅವಳ ಮೇಲೆ ಸಿಟ್ಟಿಲ್ಲ. ಅವಳಿಗೆ ಹೇಳಿರುವ ಕಥೆಯೇ ಹಾಗಿದೆ.

28ಕ್ಕೆ ಮೊದಲು ಒಂದು ಸಾಲು ಬರೆ. ನನಗೆ ಕ್ಷಮೆ ಬೇಡ, ಅಳು ಬೇಡ, ನಿನ್ನ ನರಳಾಟದ ಲೆಕ್ಕವೂ ಬೇಡ.

ಆಯೇಷಾ

*

ಟ್ರೆಂಟ್ ನದಿ ದಡ
12 ಡಿಸೆಂಬರ್ 2023

ಆಯೇಷಾ,

ಹಗ್ಗ ಬಂತು! ಎಂಥ ಕೆಲಸ ಕಣೇ! ಪಾರ್ಸೆಲ್ ಬಿಚ್ಚಿದರೆ ದೋಣಿಯೊಳಗೆಲ್ಲ ನಮ್ಮೂರ ವಾಸನೆ. ಮಾರ್ಟಿನ್ ಆರನ್ನೂ ಸುರುಳಿ ಸುತ್ತಿ ಸೋಫಾದ ಮೇಲಿಟ್ಟು ಫೋಟೋ ತೆಗೆದರು. ಪಕ್ಕದ ದೋಣಿಗಳವರೆಲ್ಲ ಬಂದು ಮುಟ್ಟಿ ನೋಡಿ ಹೋಗುತ್ತಾರೆ. ಟೆಡ್ ಅಂತ ಎಂಬತ್ತೊಂದು ವರ್ಷದ ಮುದುಕ ಇದ್ದಾನೆ, ಒಬ್ಬನೇ. ಕಲ್ಲಿದ್ದಲ ದೋಣಿಯಲ್ಲೇ ಹುಟ್ಟಿದವನು. ದಿನಾ ಬೆಳಗ್ಗೆ ಬಂದು ಹಗ್ಗ ಸವರಿ "ಇಂಥದ್ದು ಮುಟ್ಟಿ ಐವತ್ತು ವರ್ಷವಾಯಿತು" ಅನ್ನುತ್ತಾನೆ.

ಮಳೆ ಬಿಡುತ್ತಿಲ್ಲ. ನದಿ ಎರಡು ಅಡಿ ಏರಿದೆ. ನಿನ್ನ ಹಗ್ಗ ಹಿಡಿದಿದೆ.

ನೀನು ಕೇಳಿದ ವಿಷಯ. ಚಿಕ್ಕಪ್ಪನೇ ಫೋನ್ ಮಾಡಿದ್ದರು. ನನಗೆ ತೋಚಿದ್ದನ್ನು ಅವರಿಗೆ ಬರೆದು ಕಳಿಸಿದ್ದೇನೆ. ನಿನ್ನ ಒಳ್ಳೆಯದಕ್ಕೇ ಬರೆದದ್ದು, ಸಮಾಧಾನವಾಗಿ ಯೋಚನೆ ಮಾಡಿದರೆ ನಿನಗೂ ತಿಳಿಯುತ್ತದೆ. ಇನ್ನು ಈ ಮಾತು ಇಲ್ಲಿಗೆ ಸಾಕು.

ವನಜಾ

*

ತುರುವೇಕೆರೆ
2 ಜನವರಿ 2024

ವನಜಾಕ್ಷಿ,

28ರಂದು ಸಭೆ ನಡೆಯಿತು. ನಿನ್ನ ಚಿಕ್ಕಪ್ಪ ಕನ್ನಡಕ ಹಾಕಿಕೊಂಡು, ಅರವತ್ತು ಜನ ಹೆಂಗಸರ ಮುಂದೆ ನೀನು ಬರೆದದ್ದನ್ನು ಓದಿದರು.

"ಆಯೇಷಾ ನನ್ನ ಪ್ರಾಣದ ಗೆಳತಿ. ಆದರೆ ಸತ್ಯ ಹೇಳಬೇಕು. ಆವತ್ತು ಸ್ಟಾರ್ಟರನ್ನು ಆಟೋದಲ್ಲಿ ಬಿಟ್ಟದ್ದು ಅವಳೇ. ಪಾಪ, ಅವಳಿಗೆ ಆ ನೆನಪು ಈಗ ಅದಲುಬದಲಾಗಿದೆ. ಮೆಷಿನ್ ಇರುವ ಕಡೆ ಅವಳನ್ನು ದಯವಿಟ್ಟು ಹಾಕಬೇಡಿ. ನರ್ಸಾಗಿ ಹೇಳುತ್ತಿದ್ದೇನೆ."

ಆಮೇಲೆ ಹಿಂದುಗಡೆಯಿಂದ ಯಾರೋ, "ಅಯ್ಯೋ ಪಾಪ, ತಲೆಗೇ ಏರೈತೆ ಬುಡು" ಅಂದರು. ಮರುಳಸಿದ್ದಯ್ಯನವರು ನನ್ನ ಕಡೆ ತಿರುಗಿ, "ಬ್ಯಾಸ್ರ ಮಾಡ್ಕಬ್ಯಾಡ ಕಣವ್ವ. ಹಗ್ಗದ ಕಡೆ ನಿನ್ನ ಬುಟ್ರೆ ಇಲ್ಲ" ಅಂದರು. ಇಲ್ಲಿಯವರೆಗೆ ನಾನು ಗ್ಯಾನ ಇಲ್ಲದವಳಾಗಿದ್ದೆ. ಈಗ ಹುಚ್ಚಿಯೂ ಆದೆ. ಮೇಸ್ತ್ರಿ ಕೆಲಸ ಬೇರೆಯವಳಿಗೆ ಹೋಯಿತು.

ಈಗ ಗಮನವಿಟ್ಟು ಓದು. ನೀನು ಓಡಿಹೋಗಿ ಮೆಷಿನ್ ನಿಲ್ಲಿಸಿದೆ ಎಂದು ಬರೆದ ಕಾಗದ ಬಂದಾಗ ಐದು ಹಗ್ಗ ಮುಗಿದಿತ್ತು, ಒಂದು ಬಾಕಿ ಇತ್ತು. ಆ ಆರನೆಯ ಹಗ್ಗದ ಮೂರು ಎಳೆಗಳಲ್ಲಿ ಎರಡರ ಒಳಗೆ, ಮಟ್ಟೆ ನೆನೆಹಾಕುವ ಗುಂಡಿಯಲ್ಲಿ ಕೊಳೆತ ನಾರು ತುಂಬಿ, ಮೇಲೆ ಒಳ್ಳೆಯ ನಾರು ಸುತ್ತಿ ಹೊಸೆದೆ. ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ. ಸ್ವಲ್ಪ ದಿನ ಹಿಡಿಯುತ್ತದೆ, ಆಮೇಲೆ ಒಮ್ಮೆಗೇ ಬಿಡುತ್ತದೆ. ಗುರುತಿಗೆ ತುದಿಯ ಗಂಟಿನಲ್ಲಿ ಒಂದು ಸಣ್ಣ ವ್ಯತ್ಯಾಸ ಮಾಡಿದ್ದೇನೆ. ಆ ಗುರುತು ಏನೆಂದು ನನಗೆ ಮಾತ್ರ ಗೊತ್ತು.

"ಬಟನ್ ಒತ್ತಿದ್ದು ನಾನು" ಎಂದು ಬರೆದು ಕಳಿಸು, ಗುರುತು ಹೇಳುತ್ತೇನೆ. ಬೇಡವಾದರೆ ಆರನ್ನೂ ಬಿಚ್ಚಿ ಎಸೆದು ನೈಲಾನ್ ಕಟ್ಟಿಕೋ. ಅಂಗಡಿಯಲ್ಲಿ ಸಿಗುತ್ತದೆ, ನಿನ್ನ ಪ್ರಾಣಕ್ಕೇನೂ ಆಗುವುದಿಲ್ಲ. ಆದರೆ ಫೋಟೋ ತೆಗೆದ ನಿನ್ನ ಗಂಡ ಯಾಕೆ ಎಸೆದೆ ಎಂದು ಕೇಳುತ್ತಾನೆ. ಗೆಳತಿ ನಮ್ಮನ್ನು ಮುಳುಗಿಸಲು ನೋಡಿದಳು ಎಂದರೆ, ಪ್ರಾಣ ಉಳಿಸಿದವಳನ್ನು ಯಾಕೆ ಮುಳುಗಿಸುತ್ತಾಳೆ ಎಂದು ಕೇಳುತ್ತಾನೆ. ಅವನಿಗೆ ಏನು ಹೇಳುತ್ತೀಯೋ ಹೇಳು. ನನಗೂ ತಿಳಿಸು.

ಆಯೇಷಾ

*

ಟ್ರೆಂಟ್ ನದಿ ದಡ
24 ಜನವರಿ 2024

ಆಯೇಷಾ,

ನೀನು ಇಷ್ಟು ನೀಚಳು ಎಂದು ನನಗೆ ಗೊತ್ತಿರಲಿಲ್ಲ.

ನಿನ್ನ ಕಾಗದ ಬಂದ ದಿನ ನದಿ ಇನ್ನೂ ಇಳಿದಿರಲಿಲ್ಲ. ನೀರಿನಲ್ಲಿ ಮರಗಳು ತೇಲಿಕೊಂಡು ಬರುತ್ತಿದ್ದವು. ಮಾರ್ಟಿನ್ ಶಾಲೆಯ ವ್ಯಾನ್ ಓಡಿಸಲು ಹೋಗಿದ್ದರು. ನಾನೊಬ್ಬಳೇ ಮಳೆಯಲ್ಲಿ ನಿಂತು ಹೊಸ ನೈಲಾನ್ ಹಗ್ಗ ಕಟ್ಟಿ, ನಿನ್ನ ಆರನ್ನೂ ಒಂದೊಂದಾಗಿ ಬಿಚ್ಚಿದೆ. ಆಮೇಲೆ ಬಾಗಿಲು ಹಾಕಿಕೊಂಡು ಬ್ರೆಡ್ ಕೊಯ್ಯುವ ಚಾಕುವಿನಿಂದ ಅಡಿಗೊಂದು ಕಡೆ ಕೊಯ್ದೆ. ಪ್ರತಿಯೊಂದು ಎಳೆ ಬಿಡಿಸಿ ನೋಡಿದೆ. ನನ್ನ ಎರಡೂ ಅಂಗೈ ಕಿತ್ತುಹೋಯಿತು. ಎಲ್ಲೂ ಕೊಳೆತ ನಾರಿಲ್ಲ. ಆರೂ ಹಗ್ಗ ಹೊನ್ನಿನಂತಿದ್ದವು. ನೀನು ಸುಳ್ಳು ಹೇಳಿದೆ! ಸುಮ್ಮಸುಮ್ಮನೆ, ಒಬ್ಬ ಹೆಂಗಸನ್ನು ಇಷ್ಟು ಹಿಂಸಿಸಿದೆಯಲ್ಲ, ನಿನಗೆ ಕರುಳಿಲ್ಲವೇ?

ಚೂರುಗಳನ್ನು ನದಿಗೆ ಹಾಕಿದೆ. ಮಾರ್ಟಿನ್‌ಗೆ ಯಾರೋ ಹಗ್ಗ ಬಿಚ್ಚಿ ಕದ್ದರು, ದೋಣಿ ಸೆಳೆತಕ್ಕೆ ಸಿಗುವ ಮೊದಲು ನಾನು ನೈಲಾನ್ ಕಟ್ಟಿದೆ ಎಂದು ಹೇಳಬೇಕಾಯಿತು. ಇನ್ನೇನು ಹೇಳಲಿ? ಅವರು ಒಂದೊಂದು ದೋಣಿಗೂ ಹೋಗಿ ಕೇಳಿದರು. ಟೆಡ್ ದಿನಾ ಬಂದು ಸವರುತ್ತಿದ್ದನಲ್ಲ, ಎಲ್ಲರಿಗೂ ಅವನ ಮೇಲೆ ಅನುಮಾನ ಬಂತು. "ಅವನನ್ನು ನೀನು ಇವತ್ತು ಇಲ್ಲಿ ನೋಡಿದೆಯಾ?" ಎಂದು ಮಾರ್ಟಿನ್ ಕೇಳಿದರು. ನೋಡಿದೆ ಅಂದೆ. ಅವನು ಬಂದಿದ್ದದ್ದು ನಿಜ, ಬೆಳಗ್ಗೆ ಬಂದಿದ್ದ. ಅವನು ಕದ್ದ ಎಂದು ನಾನು ಹೇಳಲಿಲ್ಲ. ಈಗ ಇಲ್ಲಿ ಯಾರೂ ಅವನ ಹತ್ತಿರ ಮಾತಾಡುವುದಿಲ್ಲ. ಮೊನ್ನೆ ಆ ನೆರೆಯಲ್ಲೇ ದೋಣಿ ಬಿಚ್ಚಿಕೊಂಡು ಮೇಲಕ್ಕೆ ಹೊರಟುಹೋದ. ಎಷ್ಟು ಹೇಳಿದರೂ ನಿಲ್ಲಲಿಲ್ಲ. ವಯಸ್ಸಾದವನು, ನಾಲ್ಕು ದಿನಕ್ಕೆ ಮರೆಯುತ್ತಾನೆ.

ಇದಕ್ಕೆಲ್ಲ ನೀನೇ ಕಾರಣ. ಇನ್ನು ನನಗೆ ಬರೆಯಬೇಡ.

ವನಜಾಕ್ಷಿ

*

ತುರುವೇಕೆರೆ
11 ಫೆಬ್ರವರಿ 2024

ವನಜಾಕ್ಷಿ,

ನಿನಗೆ ಇದೇ ಕೊನೆಯ ಕಾಗದ. ಇದರ ಜೊತೆಗೇ, ಅದೇ ವಿಳಾಸಕ್ಕೆ, ಮಾರ್ಟಿನ್ ಅವರ ಹೆಸರಿಗೆ ಇನ್ನೊಂದು ಹಾಕುತ್ತಿದ್ದೇನೆ. ಅದರಲ್ಲಿ ಇರುವುದನ್ನು ನಿನಗೂ ಬರೆಯುತ್ತೇನೆ, ಬೆನ್ನ ಹಿಂದೆ ಮಾಡಿದಳು ಅನ್ನಬಾರದು.

"ಹಗ್ಗಗಳನ್ನು ಟೆಡ್ ಅವರು ಕದ್ದಿಲ್ಲ. ಅವುಗಳಲ್ಲಿ ಒಂದು ಕೊಳೆತಿದೆ ಎಂದು ನಾನು ನಿಮ್ಮ ಹೆಂಡತಿಗೆ ಸುಳ್ಳು ಬರೆದು ಹೆದರಿಸಿದೆ. ಅದನ್ನು ನಂಬಿ ಅವಳೇ ಕತ್ತರಿಸಿ ನದಿಗೆ ಹಾಕಿದ್ದಾಳೆ. ಸುಳ್ಳು ಹೇಳಿದ್ದು ನಾನು. ಆ ಮುದುಕರನ್ನು ದಯವಿಟ್ಟು ಹುಡುಕಿ ಹೇಳಿ."

ನಾನು ಯಾಕೆ ಹೆದರಿಸಿದೆ ಎಂದು ಅದರಲ್ಲಿ ಬರೆದಿಲ್ಲ. ಅದನ್ನು ಅವರು ನಿನ್ನನ್ನೇ ಕೇಳಲಿ.

ಕನ್ನಡದಲ್ಲಿ ನಾನೇ ಬರೆದೆ, ಖುದ್ದೂಸನ ಮಗಳು ಆಲಿಯಾ ಇಂಗ್ಲಿಷ್ ಮಾಡಿ ಕೊಟ್ಟಳು, ಕೆಳಗೆ ಸಹಿ ಹಾಕಿದೆ. ಸುಳ್ಳು ಹೇಳಿದ್ದು ನಾನು ಎಂದು ಬರೆಯಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿಕೊಂಡೆ. ಎಡಗೈಯಲ್ಲಿ, ಎರಡು ನಿಮಿಷ.

ಆಯೇಷಾ